ಒಂದೇ ಹೆಸರು, ಇಬ್ಬರು ಹಕ್ಕುದಾರರು: ಡೊಮೇನ್ ವ್ಯಾಜ್ಯಗಳ ಒಳಹೊರಗು

ಗಂಗಾವತಿ ಎಂಬ ಹೆಸರನ್ನು ಕನ್ನಡದಲ್ಲಿ ಬರೆಯಲು ಇರುವುದು ಒಂದೇ ಬಗೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಹೊರಟಾಗ ಕೊನೆಯ 'ತಿ'ಗೆ 'ಎಚ್' ಅಕ್ಷರ ಸೇರಿಸುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಕೊಪ್ಪಳದ ಕೊನೆಯಲ್ಲಿ 'ಎ' ಬರೆಯಬೇಕೆ ಬೇಡವೆ, ಯಲಬುರ್ಗಾದ ನಡುವೆ 'ಎ' ಇರಬೇಕೆ, ಕುಷ್ಟಗಿಯ 'ಷ'ಕಾರಕ್ಕೆ 'ಎಚ್' ಬೇಕೆ ಎಂಬುದರಲ್ಲಿಯೂ ಏಕರೂಪತೆ ಇಲ್ಲ. ಬಣ್ಣದ ಗೊಂಬೆಗಳಿಗೆ ಹೆಸರಾದ ಕಿನ್ನಾಳ ಗ್ರಾಮದ ಹೆಸರು ಭೌಗೋಳಿಕ ಸೂಚಿಕೆಯ ದಾಖಲೆಯಲ್ಲಿ 'ಕಿನ್ಹಾಳ' ಎಂದು ಓದುವಂತೆ ಇಂಗ್ಲಿಷಿನಲ್ಲಿ ನಮೂದಾಗಿದೆ. ಪತ್ರ ವ್ಯವಹಾರದಲ್ಲಿ ಈ ವ್ಯತ್ಯಾಸಗಳಿಂದ ಯಾರಿಗೂ ತೊಂದರೆಯಿಲ್ಲ. ಅಂಚೆಯವನು ಪತ್ರವನ್ನು ಸರಿಯಾದ ಊರಿಗೇ ಮುಟ್ಟಿಸುತ್ತಾನೆ. ಅಂತರಜಾಲದಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಂದು ಅಕ್ಷರಜೋಡಣೆಯೂ ಪ್ರತ್ಯೇಕ ವಿಳಾಸ, ಪ್ರತಿಯೊಂದು ವಿಳಾಸಕ್ಕೂ ಪ್ರತ್ಯೇಕ ಹಕ್ಕುದಾರ.

1998ರ ಏಪ್ರಿಲ್ 1ರಂದು ರಾಯಚೂರಿನಿಂದ ಬೇರ್ಪಟ್ಟಾಗ ಕೊಪ್ಪಳ ಜಿಲ್ಲೆಯಲ್ಲಿದ್ದುದು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು. ಕುಕನೂರು, ಕಾರಟಗಿ, ಕನಕಗಿರಿ ಆಮೇಲೆ ಸೇರಿದವು. ಅಕ್ಕಿ ಗಿರಣಿ, ಬೀಜದ ವ್ಯಾಪಾರ, ಗ್ರಾನೈಟ್, ಆಟಿಕೆ, ಪತ್ತಿನ ಸಹಕಾರಿ ಸಂಘ ಎಲ್ಲಕ್ಕೂ ಈ ಭಾಗದಲ್ಲಿ ಊರಿನ ಹೆಸರನ್ನೋ, ಮನೆದೇವರ ಹೆಸರನ್ನೋ ಇಡುವುದು ವಾಡಿಕೆ. ಹೀಗಾಗಿ ಒಂದೇ ಹೆಸರಿನ ಎರಡು ಸಂಸ್ಥೆಗಳು ಅಕ್ಕಪಕ್ಕದ ಬೀದಿಗಳಲ್ಲಿ ತಂಟೆಯಿಲ್ಲದೆ ನಡೆಯಬಲ್ಲವು. ಅವೆರಡೂ ಜಾಲತಾಣ ತೆರೆಯಲು ಹೊರಟಾಗ ಮಾತ್ರ ಒಬ್ಬರಿಗೆ ಹೆಸರು ದಕ್ಕುತ್ತದೆ, ಇನ್ನೊಬ್ಬರಿಗೆ ದಕ್ಕುವುದಿಲ್ಲ. ಇಂಥ ವ್ಯಾಜ್ಯಗಳಲ್ಲಿ ಇಡೀ ದೇಶಕ್ಕೆ ದಾರಿ ತೋರಿದ ಮೊಕದ್ದಮೆ ಹುಟ್ಟಿದ್ದು ಕರ್ನಾಟಕದಲ್ಲಿಯೇ.

ಡೊಮೇನ್ ಹೆಸರು ಎಂದರೇನು?

ಅಂತರಜಾಲಕ್ಕೆ ಸೇರಿದ ಪ್ರತಿಯೊಂದು ಗಣಕಯಂತ್ರಕ್ಕೂ ಅಂಕಿಗಳಿಂದಾದ ಒಂದು ವಿಳಾಸವಿದೆ. ಅಂಕಿಗಳನ್ನು ನೆನಪಿಡುವುದು ಕಷ್ಟವಾದ್ದರಿಂದ ಅವುಗಳ ಬದಲಿಗೆ ಬಳಸುವ ಅಕ್ಷರರೂಪವೇ ಡೊಮೇನ್ ಹೆಸರು. 'ಡಾಟ್ ಕಾಂ', 'ಡಾಟ್ ನೆಟ್' ಮುಂತಾದ ಹೆಸರುಗಳ ವ್ಯವಸ್ಥೆಯನ್ನು 'ಐಕ್ಯಾನ್' ಸಂಸ್ಥೆ ನೋಡಿಕೊಳ್ಳುತ್ತದೆ. ಭಾರತದ 'ಡಾಟ್ ಇನ್' ಹೆಸರುಗಳ ಹೊಣೆ 'ನಿಕ್ಸಿ' ಸಂಸ್ಥೆಯದು.

ಎರಡು ಸಂಗತಿಗಳನ್ನು ಮೊದಲೇ ತಿಳಿದಿರಬೇಕು. ಒಂದು, ಡೊಮೇನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ಒಂದರಿಂದ ಹತ್ತು ವರ್ಷಗಳವರೆಗೆ ಶುಲ್ಕ ಕಟ್ಟಿ ಬಳಸುವ ಹಕ್ಕನ್ನು ಪಡೆಯುತ್ತಾರೆ, ಅವಧಿ ಮುಗಿದಾಗ ನವೀಕರಿಸುತ್ತಾರೆ. ಎರಡು, ಹೆಸರು ಕೊಡುವ ನೋಂದಣಿದಾರ ಸಂಸ್ಥೆಯು ಅರ್ಜಿದಾರನಿಗೆ ಆ ಹೆಸರಿನ ಮೇಲೆ ನಿಜವಾದ ಹಕ್ಕಿದೆಯೇ ಎಂದು ವಿಚಾರಿಸುವುದಿಲ್ಲ. ಮೊದಲು ಬಂದವರಿಗೆ ಮೊದಲ ಆದ್ಯತೆ ಎಂಬುದೇ ಅಲ್ಲಿನ ನಿಯಮ. ವ್ಯಾಜ್ಯಗಳ ಮೂಲ ಇರುವುದು ಇಲ್ಲಿಯೇ.

ಒಂದು 'ಎಫ್' ಅಕ್ಷರದ ಮೊಕದ್ದಮೆ

ಸತ್ಯಂ ಇನ್ಫೋವೇ ಕಂಪನಿ 1995ರಲ್ಲಿ ಸ್ಥಾಪನೆಯಾಯಿತು. ತನ್ನ ಹೆಸರಿನ ತುಣುಕುಗಳನ್ನು ಜೋಡಿಸಿ 'ಸಿಫಿ' ಎಂಬ ಹೊಸ ಪದವನ್ನು ಕಟ್ಟಿಕೊಂಡ ಈ ಕಂಪನಿ 1999ರ ಜೂನ್‌ನಲ್ಲಿ 'ಸಿಫಿನೆಟ್', 'ಸಿಫಿಮಾಲ್' ಮೊದಲಾದ ಡೊಮೇನ್ ಹೆಸರುಗಳನ್ನು ನೋಂದಾಯಿಸಿತು. ಅದೇ ವರ್ಷ ಅಮೆರಿಕದ ನ್ಯಾಸ್‌ಡಾಕ್ ಷೇರುಪೇಟೆಯನ್ನೂ ಪ್ರವೇಶಿಸಿತು. 2001ರ ಜೂನ್‌ನಿಂದ ಸಿಫ್ಫಿನೆಟ್ ಸಲ್ಯೂಷನ್ಸ್ ಎಂಬ ಮತ್ತೊಂದು ಕಂಪನಿ 'ಸಿಫ್ಫಿನೆಟ್' ಹೆಸರಿನ ವಿಳಾಸಗಳಲ್ಲಿ ಅಂತರಜಾಲ ಮಾರಾಟ ಜಾಲವನ್ನು ಆರಂಭಿಸಿತು. ಇಂಗ್ಲಿಷಿನಲ್ಲಿ ಎರಡು ಹೆಸರುಗಳಿಗೂ ಇದ್ದ ವ್ಯತ್ಯಾಸ ಒಂದು 'ಎಫ್' ಅಕ್ಷರ ಮಾತ್ರ.

ಸತ್ಯಂ ಇನ್ಫೋವೇ ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ಪಡೆಯಿತು. ಪ್ರತಿವಾದಿಯು ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು. ಎರಡೂ ಕಂಪನಿಗಳ ವ್ಯವಹಾರ ಬೇರೆ ಬೇರೆ, ಪ್ರತಿವಾದಿ ಸಾಕಷ್ಟು ಹಣ ಹೂಡಿ ಸುಮಾರು 50 ಸಾವಿರ ಸದಸ್ಯರನ್ನು ಮಾಡಿಕೊಂಡಿದೆ, ತಡೆಯಾಜ್ಞೆಯಿಂದ ಅದಕ್ಕೇ ಹೆಚ್ಚಿನ ತೊಂದರೆ ಎಂದು ಭಾವಿಸಿದ ಉಚ್ಚ ನ್ಯಾಯಾಲಯ ತಡೆಯಾಜ್ಞೆಯನ್ನು ತೆರವುಗೊಳಿಸಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

2004ರ ಮೇ 6ರಂದು ನ್ಯಾಯಮೂರ್ತಿಗಳಾದ ರುಮಾ ಪಾಲ್ ಮತ್ತು ಪಿ. ವೆಂಕಟರಾಮ ರೆಡ್ಡಿ ಅವರ ಪೀಠ ತೀರ್ಪು ನೀಡಿತು. ಡೊಮೇನ್ ಹೆಸರಿನ ಆರಂಭದ ಕೆಲಸ ಗಣಕಯಂತ್ರಕ್ಕೆ ವಿಳಾಸ ಒದಗಿಸುವುದಷ್ಟೇ ಆಗಿದ್ದರೂ, ವ್ಯಾಪಾರವೇ ಅಂತರಜಾಲಕ್ಕೆ ಬಂದಿರುವುದರಿಂದ ಅದು ಸಂಸ್ಥೆಯ ಗುರುತೂ ಆಗಿದೆ; ಆದುದರಿಂದ ಟ್ರೇಡ್‌ಮಾರ್ಕಿನ ಗುಣಗಳೆಲ್ಲವೂ ಅದಕ್ಕೆ ಬರಬಹುದು ಎಂದು ಪೀಠ ಹೇಳಿತು. ಡೊಮೇನ್ ವ್ಯಾಜ್ಯಗಳಿಗೆಂದೇ ಪ್ರತ್ಯೇಕ ಕಾಯಿದೆ ಭಾರತದಲ್ಲಿ ಇಲ್ಲದಿದ್ದರೂ, 'ಪಾಸಿಂಗ್ ಆಫ್' ಕುರಿತ ನಿಯಮಗಳ ಅಡಿಯಲ್ಲಿ ರಕ್ಷಣೆ ಸಿಗುತ್ತದೆ ಎಂದೂ ಸ್ಪಷ್ಟಪಡಿಸಿತು. ತನ್ನ ಸರಕನ್ನೋ ಸೇವೆಯನ್ನೋ ಇನ್ನೊಬ್ಬರದೆಂದು ಜನರು ನಂಬುವಂತೆ ಮಾಡಿ ವ್ಯಾಪಾರ ನಡೆಸುವುದೇ ಪಾಸಿಂಗ್ ಆಫ್. ಹೆಸರಿಗೆ ಗಳಿಸಿದ ಮನ್ನಣೆ, ಜನರನ್ನು ದಾರಿತಪ್ಪಿಸುವ ನಡೆ, ಅದರಿಂದಾಗುವ ಅಥವಾ ಆಗಬಹುದಾದ ಹಾನಿ ಈ ಮೂರನ್ನು ವಾದಿ ತೋರಿಸಬೇಕಾಗುತ್ತದೆ.

'ಸಿಫ್ಫಿ' ಎಂಬುದು ಐವರು ಪ್ರವರ್ತಕರ ಹೆಸರುಗಳ ಮೊದಲಕ್ಷರಗಳಿಂದ ಆದದ್ದು ಎಂಬ ಪ್ರತಿವಾದಿಯ ವಿವರಣೆಯನ್ನು ಪೀಠ ಒಪ್ಪಲಿಲ್ಲ. ಎರಡು ಹೆಸರುಗಳು ನೋಡುವುದಕ್ಕೂ ಕೇಳುವುದಕ್ಕೂ ಒಂದೇ ತೆರನಾಗಿವೆ, ಹಿಂದೆ 'ನೆಟ್' ಸೇರಿಸಿದ ಮಾತ್ರಕ್ಕೆ ಆ ಹೋಲಿಕೆ ಅಳಿಯುವುದಿಲ್ಲ ಎಂದಿತು. ಉಚ್ಚ ನ್ಯಾಯಾಲಯದ ಆದೇಶ ರದ್ದಾಗಿ, ಬೆಂಗಳೂರಿನ ಸಿವಿಲ್ ನ್ಯಾಯಾಲಯದ ತಡೆಯಾಜ್ಞೆ ಊರ್ಜಿತವಾಯಿತು. ಸತ್ಯಂ ಇನ್ಫೋವೇ ಕಂಪನಿಯ ಇಂದಿನ ಹೆಸರು ಸಿಫಿ ಟೆಕ್ನಾಲಜೀಸ್. ತಾನೇ ಕಟ್ಟಿದ ಪದ ಕೊನೆಗೆ ಕಂಪನಿಯ ಹೆಸರೇ ಆಯಿತು.

ಅದಕ್ಕೂ ಮುನ್ನ

ಈ ತೀರ್ಪಿಗೆ ಹಾದಿ ಮಾಡಿಕೊಟ್ಟ ಪ್ರಕರಣಗಳು ದೆಹಲಿ ಮತ್ತು ಮುಂಬಯಿಯಲ್ಲಿ ನಡೆದಿದ್ದವು. 1999ರ ಫೆಬ್ರುವರಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 'ಯಾಹೂಇಂಡಿಯಾ ಡಾಟ್ ಕಾಂ' ಬಳಕೆಗೆ ತಡೆ ನೀಡಿತು. ಯಾಹೂ ಎಂಬುದು ನಿಘಂಟಿನಲ್ಲಿರುವ ಪದ, ತಮ್ಮ ತಾಣಕ್ಕೂ ಮೂಲ ಯಾಹೂವಿಗೂ ಸಂಬಂಧವಿಲ್ಲವೆಂಬ ಸೂಚನೆ ಹಾಕಲಾಗಿದೆ ಎಂಬ ಪ್ರತಿವಾದ ನಿಲ್ಲಲಿಲ್ಲ. ಅದೇ ವರ್ಷ ಮುಂಬಯಿಯಲ್ಲಿ 'ರೆಡಿಫ್' ಸಂಸ್ಥೆ 'ರಾಡಿಫ್' ಹೆಸರಿನ ವಿರುದ್ಧ ತಡೆ ಪಡೆಯಿತು. 'ನೌಕರಿ ಡಾಟ್ ಕಾಂ' ತಾಣದವರು ಒಂದು 'ಎ' ಹೆಚ್ಚಾಗಿದ್ದ ಹೆಸರಿನ ವಿರುದ್ಧ 2002ರಲ್ಲಿ ದೆಹಲಿಯಲ್ಲಿ ಗೆದ್ದರು. ಬೆರಳಚ್ಚಿನ ತಪ್ಪಿನಿಂದ ದಾರಿತಪ್ಪಿ ಬರುವ ಗ್ರಾಹಕನೇ ಇಂಥ ಹೆಸರುಗಳ ಬಂಡವಾಳ ಎಂಬುದನ್ನು ನ್ಯಾಯಾಲಯಗಳು ಬೇಗನೆ ಗುರುತಿಸಿದ್ದವು.

ನ್ಯಾಯಾಲಯದ ಹೊರಗೆ ಪರಿಹಾರ

ಸಿವಿಲ್ ದಾವೆ ವರ್ಷಗಟ್ಟಲೆ ಎಳೆಯಬಹುದು. ಎದುರಾಳಿ ಬೇರೆ ದೇಶದಲ್ಲಿದ್ದರೆ ಕಷ್ಟ ಇಮ್ಮಡಿ. ಆದ್ದರಿಂದ ಐಕ್ಯಾನ್ 1999ರಲ್ಲಿ ಏಕರೂಪದ ವ್ಯಾಜ್ಯ ಪರಿಹಾರ ನೀತಿಯನ್ನು ಜಾರಿಗೊಳಿಸಿತು. ಡಾಟ್ ಕಾಂ, ಡಾಟ್ ನೆಟ್, ಡಾಟ್ ಆರ್ಗ್ ಹೆಸರು ಪಡೆಯುವ ಪ್ರತಿಯೊಬ್ಬರೂ ನೋಂದಣಿಯ ಹೊತ್ತಿನಲ್ಲಿಯೇ ಇದಕ್ಕೆ ಒಪ್ಪಿರುತ್ತಾರೆ. ದೂರುದಾರ ಮೂರು ಅಂಶಗಳನ್ನು ಸಾಬೀತುಪಡಿಸಬೇಕು: ಡೊಮೇನ್ ಹೆಸರು ತನ್ನ ಟ್ರೇಡ್‌ಮಾರ್ಕಿನಂತೆಯೇ ಇದೆ ಅಥವಾ ಗೊಂದಲವಾಗುವಷ್ಟು ಹೋಲುತ್ತದೆ, ಎದುರಾಳಿಗೆ ಆ ಹೆಸರಿನಲ್ಲಿ ನ್ಯಾಯಸಮ್ಮತ ಹಿತಾಸಕ್ತಿ ಇಲ್ಲ, ಹೆಸರನ್ನು ದುರುದ್ದೇಶದಿಂದ ನೋಂದಾಯಿಸಿ, ದುರುದ್ದೇಶದಿಂದಲೇ ಬಳಸಲಾಗುತ್ತಿದೆ. ಎದುರಾಳಿಗೆ ಉತ್ತರಿಸಲು 20 ದಿನಗಳ ಅವಕಾಶವಿದೆ. ಗೆದ್ದವರಿಗೆ ಹೆಸರಿನ ವರ್ಗಾವಣೆ ಅಥವಾ ರದ್ದತಿ ಸಿಗುತ್ತದೆಯೇ ಹೊರತು ಹಣದ ಪರಿಹಾರ ಸಿಗುವುದಿಲ್ಲ. ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಒಬ್ಬ ಪಂಚರ ಮುಂದೆ ಐದು ಹೆಸರುಗಳವರೆಗಿನ ದೂರಿಗೆ 1500 ಡಾಲರ್ ಶುಲ್ಕವಿದೆ.

ಈ ವ್ಯವಸ್ಥೆಯ ಆರಂಭದ ಭಾರತೀಯ ದೂರುದಾರರಲ್ಲಿ ಪತ್ರಿಕಾ ಸಂಸ್ಥೆಯೂ ಇತ್ತೆಂಬುದು ಗಮನಾರ್ಹ. 'ಟೈಮ್ಸ್ ಆಫ್ ಇಂಡಿಯಾ' ಮತ್ತು 'ಎಕನಾಮಿಕ್ ಟೈಮ್ಸ್' ಪತ್ರಿಕೆಗಳ ಹೆಸರಿನ ಹಿಂದೆ 'ದಿ' ಎಂಬ ಇಂಗ್ಲಿಷ್ ಪದ ಸೇರಿಸಿ ಅಮೆರಿಕದಲ್ಲಿ ನೋಂದಾಯಿಸಲಾಗಿದ್ದ ಎರಡು ಹೆಸರುಗಳನ್ನು 2000ದ ಮಾರ್ಚ್‌ನಲ್ಲಿ ಬೆನೆಟ್ ಕೋಲ್ಮನ್ ಕಂಪನಿಗೆ ವರ್ಗಾಯಿಸಲು ಆದೇಶವಾಯಿತು.

ಡಾಟ್ ಇನ್ ಹೆಸರುಗಳಿಗೆ ನಿಕ್ಸಿಯ ಪ್ರತ್ಯೇಕ ನೀತಿ ಇದೆ. 2005ರಲ್ಲಿ ಡಾಟ್ ಇನ್ ಎಲ್ಲರಿಗೂ ಮುಕ್ತವಾದಾಗ ಅದೂ ರೂಪುಗೊಂಡಿತು. ಇಲ್ಲಿ ವ್ಯಾಜ್ಯವನ್ನು ಮಧ್ಯಸ್ಥಗಾರರು ತೀರ್ಮಾನಿಸುತ್ತಾರೆ. ಒಂದು ಮುಖ್ಯ ವ್ಯತ್ಯಾಸವಿದೆ: ಐಕ್ಯಾನ್ ನೀತಿಯಲ್ಲಿ ನೋಂದಣಿ ಮತ್ತು ಬಳಕೆ ಎರಡರಲ್ಲೂ ದುರುದ್ದೇಶ ಕಾಣಬೇಕು, ನಿಕ್ಸಿ ನೀತಿಯಲ್ಲಿ ಎರಡರಲ್ಲಿ ಒಂದು ಕಂಡರೂ ಸಾಕು.

ಇಬ್ಬರೂ ಪ್ರಾಮಾಣಿಕರಾಗಿದ್ದರೆ?

ಹೋಲುವ ಹೆಸರೆಲ್ಲವೂ ಕಳವಿನ ಹೆಸರಲ್ಲ. ಉಜಿ ನಿಸ್ಸಾನ್ ಎಂಬ ಅಮೆರಿಕದ ವ್ಯಾಪಾರಿ ತನ್ನ ಕುಲನಾಮದಲ್ಲಿ ಗಣಕಯಂತ್ರದ ಅಂಗಡಿ ನಡೆಸುತ್ತ, 1994ರಲ್ಲಿ 'ನಿಸ್ಸಾನ್ ಡಾಟ್ ಕಾಂ' ಹೆಸರನ್ನು ನೋಂದಾಯಿಸಿದ್ದರು. ಜಪಾನಿನ ಕಾರು ಕಂಪನಿ 1999ರಲ್ಲಿ ಮೊಕದ್ದಮೆ ಹೂಡಿತು. ವ್ಯಾಜ್ಯ ವರ್ಷಗಟ್ಟಲೆ ನಡೆದರೂ ಕಂಪನಿಗೆ ಹೆಸರು ದಕ್ಕಲಿಲ್ಲ. ಆದರೆ ಕಾನೂನು ಹೋರಾಟದ ಖರ್ಚು ಆ ಸಣ್ಣ ವ್ಯಾಪಾರಿಯನ್ನು ಹಣ್ಣು ಮಾಡಿತು. 2020ರಲ್ಲಿ ಅವರು ನಿಧನರಾದರು.

ಭಾರತದ 1999ರ ಟ್ರೇಡ್‌ಮಾರ್ಕ್ ಕಾಯಿದೆಯ 35ನೇ ಕಲಮು ವ್ಯಕ್ತಿಯು ತನ್ನ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸುವುದನ್ನು ರಕ್ಷಿಸುತ್ತದೆ. ಇನ್ನೊಬ್ಬರು ನೋಂದಾಯಿಸುವುದಕ್ಕೂ, ಬಳಸುವುದಕ್ಕೂ ಮೊದಲಿನಿಂದ ಆ ಗುರುತನ್ನು ಬಳಸುತ್ತ ಬಂದವರಿಗೆ 34ನೇ ಕಲಮು ಆಸರೆಯಾಗುತ್ತದೆ. ಇದರಿಂದಾಗಿ ಹಳೆಯ ಬಿಲ್ಲು ಪುಸ್ತಕ, ಚೀಲದ ಮೇಲಿನ ಮುದ್ರೆ, ತೆರಿಗೆ ದಾಖಲೆ, ಪತ್ರಿಕಾ ಜಾಹೀರಾತುಗಳು ನಿರ್ಣಾಯಕ ಸಾಕ್ಷ್ಯವಾಗುತ್ತವೆ. ಮೂವತ್ತು ವರ್ಷಗಳಿಂದ ಒಂದೇ ಹೆಸರಿನಲ್ಲಿ ಅಕ್ಕಿ ಮಾರುತ್ತಿರುವ ಗಿರಣಿಯೊಂದು ಜಾಲತಾಣ ತೆರೆಯುವುದರಲ್ಲಿ ಹಿಂದೆ ಬಿದ್ದರೂ, ಈ ಕಾಗದಗಳು ಕೈಯಲ್ಲಿದ್ದರೆ ಅದರ ಹಕ್ಕು ಅಲ್ಲಿಗೇ ಮುಗಿಯುವುದಿಲ್ಲ.

ಊರಿನ ಹೆಸರು ಯಾರದು?

ಗಂಗಾವತಿ ಅಕ್ಕಿ, ಕಿನ್ನಾಳ ಗೊಂಬೆ ಎಂಬಂಥ ಹೆಸರುಗಳಲ್ಲಿ ಪ್ರಶ್ನೆ ಇನ್ನಷ್ಟು ತೊಡಕಿನದು. ಸರಕು ಹುಟ್ಟಿದ ಸ್ಥಳವನ್ನಷ್ಟೇ ಸೂಚಿಸುವ ಪದವನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು 9ನೇ ಕಲಮು ಸಾಮಾನ್ಯವಾಗಿ ಅಡ್ಡಬರುತ್ತದೆ. ದೀರ್ಘ ಬಳಕೆಯಿಂದ ಆ ಪದ ಒಂದೇ ಸಂಸ್ಥೆಯ ಗುರುತಾಗಿದೆ ಎಂದು ತೋರಿಸಿದರೆ ಮಾತ್ರ ವಿನಾಯಿತಿ. ಟ್ರೇಡ್‌ಮಾರ್ಕ್ ಇಲ್ಲದಿದ್ದರೆ ಐಕ್ಯಾನ್ ನೀತಿಯ ಮೊದಲ ಮೆಟ್ಟಿಲನ್ನೇ ಹತ್ತಲಾಗದು.

ಸ್ಪೇನಿನ ಬಾರ್ಸಿಲೋನಾ ನಗರದ ಅನುಭವ ಇಲ್ಲಿ ಪಾಠವಾಗಬಲ್ಲದು. 'ಬಾರ್ಸಿಲೋನಾ ಡಾಟ್ ಕಾಂ' ಹೆಸರನ್ನು ಖಾಸಗಿಯವರು 1996ರಲ್ಲಿ ಪಡೆದಿದ್ದರು. 2000ದಲ್ಲಿ ಜಿನೀವಾದ ಪಂಚರು ಅದನ್ನು ನಗರಸಭೆಗೆ ಕೊಡುವಂತೆ ಆದೇಶಿಸಿದರು. ಆದರೆ 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಬರಿಯ ಊರಿನ ಹೆಸರಿನ ಮೇಲೆ ಅಮೆರಿಕದ ಕಾನೂನಿನಂತೆ ಯಾರಿಗೂ ಟ್ರೇಡ್‌ಮಾರ್ಕ್ ಹಕ್ಕಿಲ್ಲವೆಂದು ಹೇಳಿ ಹೆಸರನ್ನು ಖಾಸಗಿ ಕಂಪನಿಗೇ ಉಳಿಸಿತು. ಅಷ್ಟು ದೊಡ್ಡ ನಗರಕ್ಕೇ ಹೀಗಾದರೆ ಸಣ್ಣ ಊರುಗಳ ಹೆಸರನ್ನು ಡಾಟ್ ಕಾಂ ಲೋಕದಲ್ಲಿ ಮರಳಿ ಪಡೆಯುವುದು ಸುಲಭವಲ್ಲ.

ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಬೇರೆಡೆ ತಯಾರಾದ ಗೊಂಬೆಗೆ ಆ ಹೆಸರಿಟ್ಟು ಮಾರುವುದನ್ನು ಈ ಕಾನೂನಿನಿಂದ ತಡೆಯಬಹುದು. ಆದರೆ ಆ ಹೆಸರಿನ ಡೊಮೇನನ್ನು ಅದು ತಾನಾಗಿಯೇ ಕುಶಲಕರ್ಮಿಗಳಿಗೆ ದೊರಕಿಸಿಕೊಡುವುದಿಲ್ಲ. ಇಂಗ್ಲಿಷಿನ ಎರಡೂ ಬಗೆಯ ಬರವಣಿಗೆಯಲ್ಲಿ ಹೆಸರನ್ನು ಮೊದಲೇ ನೋಂದಾಯಿಸಿಕೊಳ್ಳುವ ಖರ್ಚು ವರ್ಷಕ್ಕೆ ಕೆಲವು ಗೊಂಬೆಗಳ ಬೆಲೆಗಿಂತ ಹೆಚ್ಚಿಲ್ಲ. ಕಳೆದುಕೊಂಡ ಮೇಲೆ ಮರಳಿ ಪಡೆಯುವ ಖರ್ಚು ಲಕ್ಷ ರೂಪಾಯಿ ದಾಟುತ್ತದೆ.

ಊರಿನ ಹೆಸರಿನ ಅಧಿಕೃತ ಬರವಣಿಗೆಯೇ ಬದಲಾಗುವುದೂ ಉಂಟು. 2014ರ ನವೆಂಬರ್ 1ರಿಂದ ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ನೆರೆಯ ಬಳ್ಳಾರಿ, ಹೊಸಪೇಟೆ ಆ ಪಟ್ಟಿಯಲ್ಲಿವೆ. ಹಳೆಯ ಬರವಣಿಗೆಯಲ್ಲಿ ವಿಳಾಸ ಹೊಂದಿದ್ದ ಸಂಸ್ಥೆಗಳಿಗೆ ಹಳೆಯದನ್ನು ಉಳಿಸಿಕೊಂಡೇ ಹೊಸದನ್ನೂ ಪಡೆಯುವ ಎರಡು ಹೊರೆ ಬಿದ್ದಿತು.

ಮೂರು ನೋಂದಣಿ, ಮೂರು ಹಕ್ಕು

ಕಂಪನಿ ನೋಂದಾಯಿಸಿದರೆ ಹೆಸರು ತನ್ನದಾಯಿತು ಎಂಬ ನಂಬಿಕೆ ವ್ಯಾಪಾರಿಗಳಲ್ಲಿ ವ್ಯಾಪಕವಾಗಿದೆ. ಅದು ಸರಿಯಲ್ಲ. ಕಂಪನಿಯ ಹೆಸರು, ಟ್ರೇಡ್‌ಮಾರ್ಕ್, ಡೊಮೇನ್ ಹೆಸರು ಇವು ಮೂರು ಬೇರೆ ಬೇರೆ ನೋಂದಣಿಗಳು. ಒಂದನ್ನು ಪಡೆದವರಿಗೆ ಉಳಿದೆರಡು ತಾವಾಗಿಯೇ ಬರುವುದಿಲ್ಲ. ಹೋಲುವ ಹೆಸರಿನಲ್ಲಿ ಬೇರೊಂದು ಕಂಪನಿ ನೋಂದಣಿಯಾದರೆ, ನೋಂದಾಯಿತ ಟ್ರೇಡ್‌ಮಾರ್ಕಿನ ಒಡೆಯರು 2013ರ ಕಂಪನಿ ಕಾಯಿದೆಯ 16ನೇ ಕಲಮಿನಡಿ ಮೂರು ವರ್ಷಗಳೊಳಗೆ ದೂರು ಕೊಟ್ಟು ಹೆಸರು ಬದಲಾಯಿಸಲು ಕೋರಬಹುದು. ಟ್ರೇಡ್‌ಮಾರ್ಕ್ ನೋಂದಣಿಯ ಅವಧಿ 10 ವರ್ಷ. ವ್ಯಕ್ತಿಗಳು ಮತ್ತು ಸಣ್ಣ ಉದ್ಯಮಗಳು ಅಂತರಜಾಲದ ಮೂಲಕ ಅರ್ಜಿ ಸಲ್ಲಿಸಿದರೆ ಪ್ರತಿ ವರ್ಗಕ್ಕೆ 4500 ರೂಪಾಯಿ ಶುಲ್ಕ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

ದಾವೆ ಹೂಡುವುದೆಲ್ಲಿ?

ಟ್ರೇಡ್‌ಮಾರ್ಕ್ ಉಲ್ಲಂಘನೆಯ ಹಾಗೂ ಟ್ರೇಡ್‌ಮಾರ್ಕ್ ಬಳಕೆಯಿಂದ ಹುಟ್ಟುವ ಪಾಸಿಂಗ್ ಆಫ್ ದಾವೆಗಳು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ನ್ಯಾಯಾಲಯದಲ್ಲಿ ನಡೆಯುವಂತಿಲ್ಲ. ನೋಂದಾಯಿತ ಟ್ರೇಡ್‌ಮಾರ್ಕ್ ಇರುವವರಿಗೆ 134ನೇ ಕಲಮು ಒಂದು ದೊಡ್ಡ ಅನುಕೂಲ ಕೊಟ್ಟಿದೆ: ಉಲ್ಲಂಘನೆಯ ದಾವೆಯನ್ನು ತಾವು ವಾಸಿಸುವ ಅಥವಾ ವ್ಯಾಪಾರ ಮಾಡುವ ಸ್ಥಳದಲ್ಲಿಯೇ ಹೂಡಬಹುದು. ಯಲಬುರ್ಗಾದ ವರ್ತಕ ದೆಹಲಿಯ ಎದುರಾಳಿಯನ್ನು ತನ್ನ ಜಿಲ್ಲೆಗೇ ಕರೆಸಬಹುದು. ನೋಂದಣಿ ಇಲ್ಲದೆ ಪಾಸಿಂಗ್ ಆಫ್ ಒಂದನ್ನೇ ನೆಚ್ಚಿದವರಿಗೆ ಈ ಅನುಕೂಲವಿಲ್ಲ. ಎದುರಾಳಿಯ ಜಾಲತಾಣ ಇಲ್ಲಿ ತೆರೆದುಕೊಳ್ಳುತ್ತದೆ ಎಂಬುದಷ್ಟೇ ಸಾಲದು, ಇಲ್ಲಿನ ಗ್ರಾಹಕರೊಂದಿಗೆ ಅದು ಉದ್ದೇಶಪೂರ್ವಕ ವ್ಯವಹಾರ ನಡೆಸಿದೆ ಎಂದು ತೋರಿಸಬೇಕು ಎಂಬುದು 2009ರಲ್ಲಿ 'ಬನಿಯನ್ ಟ್ರೀ' ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯ ತಳೆದ ನಿಲುವು. ವಾಣಿಜ್ಯ ನ್ಯಾಯಾಲಯ ಕಾಯಿದೆಯ ವ್ಯಾಪ್ತಿಗೆ ಬರುವ ವ್ಯಾಜ್ಯಗಳಲ್ಲಿ ತುರ್ತು ತಡೆಯಾಜ್ಞೆ ಕೋರದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಬೇಕಾಗುತ್ತದೆ. ಕೊಪ್ಪಳ ಜಿಲ್ಲೆ ಉಚ್ಚ ನ್ಯಾಯಾಲಯದ ಧಾರವಾಡ ಪೀಠದ ವ್ಯಾಪ್ತಿಯಲ್ಲಿದೆ.

ಬ್ಯಾಂಕಿನ ಹೆಸರು, ಠೇವಣಿದಾರನ ಹಣ

ಹೋಲುವ ಹೆಸರಿನಿಂದ ವ್ಯಾಪಾರಿಗೆ ಗ್ರಾಹಕ ತಪ್ಪಿದರೆ, ಬ್ಯಾಂಕಿನ ವಿಷಯದಲ್ಲಿ ಗ್ರಾಹಕನ ಹಣವೇ ತಪ್ಪುತ್ತದೆ. ಈ ಭಾಗದ ಗ್ರಾಮೀಣ ಬ್ಯಾಂಕಿನ ಹೆಸರು ವಿಲೀನಗಳಿಂದಾಗಿ ಹಲವು ಬಾರಿ ಬದಲಾಗಿದೆ. ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್ 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನೊಂದಿಗೆ ಕೂಡಿತು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ, ಬಳ್ಳಾರಿ ಕೇಂದ್ರವಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಹೆಸರು ಬದಲಾಗುವ ಇಂಥ ಹೊತ್ತಿನಲ್ಲಿಯೇ ನಕಲಿ ವಿಳಾಸಗಳಿಗೆ ಜನ ಮರುಳಾಗುವುದು ಹೆಚ್ಚು. ಬ್ಯಾಂಕುಗಳಿಗಷ್ಟೇ ಮೀಸಲಾದ 'ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಬದಲಾಗುವಂತೆ ರಿಸರ್ವ್ ಬ್ಯಾಂಕ್ ಆದೇಶಿಸಿದ್ದರ ಹಿನ್ನೆಲೆ ಇದೇ. ವಿಳಾಸದ ಕೊನೆಯನ್ನು ನೋಡಿಯೇ ಅಸಲಿ ಬ್ಯಾಂಕನ್ನು ಗುರುತಿಸಲು ಇದರಿಂದ ಸಾಧ್ಯ. ಪತ್ತಿನ ಸಹಕಾರಿ ಸಂಘಗಳು ಬ್ಯಾಂಕುಗಳಲ್ಲವಾದ್ದರಿಂದ ಅವುಗಳ ಸದಸ್ಯರು ಎಚ್ಚರದಿಂದಲೇ ಇರಬೇಕು.

ಕನ್ನಡ ಲಿಪಿಯಲ್ಲಿ ವಿಳಾಸ

ಇಂಗ್ಲಿಷ್ ಬರವಣಿಗೆಯ ಗೊಂದಲಕ್ಕೆ ಒಂದು ಉತ್ತರ ಕನ್ನಡದಲ್ಲಿಯೇ ಇದೆ. ನಿಕ್ಸಿಯು 'ಡಾಟ್ ಭಾರತ' ವಿಳಾಸವನ್ನು ಕನ್ನಡ ಲಿಪಿಯಲ್ಲಿಯೂ ಒದಗಿಸುತ್ತಿದೆ. ಗಂಗಾವತಿ ಅಲ್ಲಿ ಗಂಗಾವತಿಯೇ. ಆದರೆ ಕನ್ನಡ ಮತ್ತು ತೆಲುಗಿನ ಹಲವು ಅಕ್ಷರಗಳು ಕಣ್ಣಿಗೆ ಒಂದೇ ಆಗಿ ಕಾಣುವುದರಿಂದ, ಲಿಪಿ ಬದಲಾದರೂ ಹೋಲಿಕೆಯ ಸಮಸ್ಯೆ ಪೂರ್ತಿಯಾಗಿ ನೀಗುವುದಿಲ್ಲ.

ಗಮನದಲ್ಲಿಡಬೇಕಾದ ಅಂಶಗಳು

1. ಡೊಮೇನ್ ಹೆಸರು ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಿರಲಿ. ಜಾಲತಾಣ ಮಾಡಿಕೊಟ್ಟವರ ಹೆಸರು, ಅವರ ಇ-ಮೇಲ್ ವಿಳಾಸ ದಾಖಲೆಯಲ್ಲಿದ್ದರೆ, ಮನಸ್ತಾಪ ಬಂದ ದಿನ ತನ್ನ ಹೆಸರಿಗಾಗಿ ತಾನೇ ದಾವೆ ಹೂಡಬೇಕಾದೀತು.

2. ಪಾಲುದಾರಿಕೆ ಪತ್ರದಲ್ಲಿ, ಸಂಸ್ಥೆ ಒಡೆದರೆ ಹೆಸರು ಮತ್ತು ಡೊಮೇನ್ ಯಾರಿಗೆ ಎಂಬುದನ್ನು ಬರೆದಿಡಬೇಕು. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ, ಮನೆ, ಗಿರಣಿ ಪಾಲಾಗುತ್ತವೆ. ಡೊಮೇನನ್ನು ಪಾಲು ಮಾಡಲಾಗದು.

3. ಊರಿನ ಹೆಸರಿಗೆ ಚಾಲ್ತಿಯಲ್ಲಿರುವ ಎರಡು ಮೂರು ಇಂಗ್ಲಿಷ್ ಬರವಣಿಗೆಗಳನ್ನೂ, ಡಾಟ್ ಕಾಂ ಮತ್ತು ಡಾಟ್ ಇನ್ ಎರಡನ್ನೂ ಒಟ್ಟಿಗೆ ಪಡೆಯುವುದು ಲೇಸು.

4. ನವೀಕರಣದ ದಿನಾಂಕ ಮರೆಯಬಾರದು. ಡಾಟ್ ಕಾಂ ಹೆಸರು ರದ್ದಾದ ಮೇಲೆ ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಲು 30 ದಿನಗಳ ಅವಕಾಶವಿದೆ. ಅದೂ ಕಳೆದರೆ ಹೆಸರು ಯಾರಿಗಾದರೂ ಸಿಗಬಹುದು.

5. ಹೋಲುವ ಹೆಸರು ಕಣ್ಣಿಗೆ ಬಿದ್ದ ದಿನವೇ ಆ ಪುಟದ ಪ್ರತಿ ತೆಗೆದು ದಿನಾಂಕ ನಮೂದಿಸಿ ಇಟ್ಟುಕೊಳ್ಳಬೇಕು. ವರ್ಷಗಟ್ಟಲೆ ಸುಮ್ಮನಿದ್ದವರಿಗೆ ತಡೆಯಾಜ್ಞೆ ಸಿಗುವುದು ಕಷ್ಟ.

ಸಿಫಿ ಪ್ರಕರಣದಲ್ಲಿ ಗೆದ್ದ ಕಂಪನಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗುವಷ್ಟು ದೊಡ್ಡದಾಗಿತ್ತು. ಕೊಪ್ಪಳ, ಕುಷ್ಟಗಿಗಳ ಅಂಗಡಿಕಾರನಿಗೆ ಆ ದಾರಿ ದೂರದ್ದು, ದುಬಾರಿಯಾದದ್ದು. ಅವನ ಮಟ್ಟಿಗೆ ಹಳೆಯ ಬಿಲ್ಲು ಪುಸ್ತಕವನ್ನು ಕಾಪಾಡುವುದು, 4500 ರೂಪಾಯಿಯ ಅರ್ಜಿಯನ್ನು ಹೊತ್ತಿಗೆ ಸರಿಯಾಗಿ ಹಾಕುವುದು, ವರ್ಷಕ್ಕೊಮ್ಮೆ ನವೀಕರಣ ಶುಲ್ಕ ಕಟ್ಟುವುದು ಇವೇ ಕೈಗೆಟಕುವ ರಕ್ಷಣೆ.